ನಗರ ನಡಿಗೆಯ ಮಾಪನ: ಕಲಬುರಗಿ ಮತ್ತು ಕಮಲಾಪುರ

1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕಲಬುರಗಿ, ವಾಹನಗಳಿಲ್ಲದ ಕಾಲದಲ್ಲಿ ಬೆಳೆದ ನಗರ. 1367ರ ಜಾಮಿ ಮಸೀದಿಯನ್ನು ಒಡಲಲ್ಲಿಟ್ಟುಕೊಂಡ ಕೋಟೆ, ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರ ದೇವಸ್ಥಾನ ಮತ್ತು ಅದರ ಸಮೀಪದ ಕೆರೆ ಇವೆಲ್ಲ ನಗರದ ಪರಿಧಿಯೊಳಗೇ ಇವೆ. ಉರುಸು, ಜಾತ್ರೆಗಳಿಗೆ ಬರುವ ಭಕ್ತರೂ ಸ್ಮಾರಕಗಳನ್ನು ನೋಡಬರುವ ಪ್ರವಾಸಿಗರೂ ನಿತ್ಯದ ವ್ಯವಹಾರಕ್ಕೆ ಹೊರಡುವ ನಿವಾಸಿಗಳೂ ಒಂದೇ ಬೀದಿಗಳನ್ನು ಹಂಚಿಕೊಳ್ಳುತ್ತಾರೆ. ಆದ್ದರಿಂದ ಪ್ರವಾಸಿಗನ ಅನುಕೂಲ ಬೇರೆ, ನಿವಾಸಿಯ ಅನುಕೂಲ ಬೇರೆ ಎಂದು ಭಾವಿಸುವುದು ಸರಿಯಾಗದು.

ನಡಿಗೆಯ ಅನುಕೂಲವನ್ನು ಅಳೆಯುವುದು ಹೇಗೆ? ಕೇಂದ್ರ ನಗರಾಭಿವೃದ್ಧಿ ಸಚಿವಾಲಯಕ್ಕಾಗಿ 2008ರಲ್ಲಿ ಸಿದ್ಧವಾದ 30 ನಗರಗಳ ಅಧ್ಯಯನವು ಎರಡು ಅಂಶಗಳನ್ನು ಪರಿಗಣಿಸಿತು: ಮುಖ್ಯರಸ್ತೆಗಳ ಉದ್ದಕ್ಕೆ ಹೋಲಿಸಿದಾಗ ಪಾದಚಾರಿ ಮಾರ್ಗದ ಉದ್ದವೆಷ್ಟು ಮತ್ತು ಅಲ್ಲಿನ ಸೌಲಭ್ಯಗಳ ಗುಣಮಟ್ಟವೆಂತಹದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವನ್ನು ವಿಧಿಸಿತು.

ಇಂತಹ ಸರಾಸರಿಗಳು ಉಪಯುಕ್ತವಾದರೂ ಒಂದು ಸತ್ಯವನ್ನು ಮರೆಮಾಚುತ್ತವೆ. ಒಂದು ಮಾರ್ಗದ ಯೋಗ್ಯತೆಯನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲವಾದ ತುಣುಕು. ಒಂದು ಕಿಲೋಮೀಟರ್ ಸುಗಮ ದಾರಿಯ ನಡುವೆ ಹತ್ತು ಮೀಟರ್ ತೆರೆದ ಚರಂಡಿಯಿದ್ದರೆ ವೃದ್ಧರಿಗೂ ಗಾಲಿಕುರ್ಚಿಯಲ್ಲಿ ಸಾಗುವವರಿಗೂ ಆ ದಾರಿ ಇಲ್ಲದಂತೆಯೇ. ರಸ್ತೆ ದಾಟುವಿಕೆಯೂ ಹೀಗೆಯೇ. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 14 ಮೀಟರ್ ಅಗಲದ ರಸ್ತೆ ದಾಟಲು ಸುಮಾರು 12 ಸೆಕೆಂಡು ಸಾಕು, 0.8 ಮೀಟರ್ ವೇಗದ ವೃದ್ಧೆಗೆ 17.5 ಸೆಕೆಂಡು ಬೇಕು. ಸರಾಸರಿಯನ್ನು ನಂಬಿ ಸಂಕೇತದೀಪವನ್ನು ಹೊಂದಿಸಿದರೆ ಆಕೆ ರಸ್ತೆಯ ನಡುವೆ ಉಳಿಯುತ್ತಾಳೆ.

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ಈ ಪ್ರದೇಶದಲ್ಲಿ ನೆರಳು, ಕುಡಿಯುವ ನೀರು, ಕುಳಿತುಕೊಳ್ಳುವ ಕಟ್ಟೆಗಳನ್ನೂ ಮಾಪನದಲ್ಲಿ ಸೇರಿಸಬೇಕು. ಸಮೀಕ್ಷೆಯು ಮುಂಜಾನೆಯ ತಂಪಿನಲ್ಲಿ ಮಾತ್ರವಲ್ಲದೆ ನಡುಹಗಲಿನಲ್ಲೂ, ಮಳೆಯ ದಿನವೂ, ಹೋಳಿಯ ಬಳಿಕ ನಡೆಯುವ ಶರಣಬಸವೇಶ್ವರ ಜಾತ್ರೆಯ ಸಂದಣಿಯಲ್ಲೂ ನಡೆಯಬೇಕು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಮಾರ್ಗದಲ್ಲಿರುವ ಕಮಲಾಪುರದ ಪ್ರಶ್ನೆ ಭಿನ್ನವಾದುದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆಗೆ ಹೆಸರಾದ ಇಂತಹ ಸಣ್ಣ ಪಟ್ಟಣದಲ್ಲಿ ಒಟ್ಟು ಉದ್ದಕ್ಕಿಂತ ಮುಖ್ಯವಾದುದು ಬಸ್ಸು ನಿಲ್ಲುವ ಸ್ಥಳದಿಂದ ಶಾಲೆ, ಆಸ್ಪತ್ರೆ ಮತ್ತು ಅಂಗಡಿಗಳವರೆಗಿನ ಕೆಲವೇ ನೂರು ಮೀಟರುಗಳ ಸುರಕ್ಷತೆ. ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದು ಪರಿಹಾರವಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಆಶಯದಂತೆ ಅವರಿಗೆ ಸ್ಥಳ ಗುರುತಿಸಿದರೆ ನಡೆಯುವವರ ದಾರಿಯೂ ತೆರವಾಗುತ್ತದೆ, ವ್ಯಾಪಾರವೂ ಉಳಿಯುತ್ತದೆ.

ಸುರಕ್ಷಿತ ಪಾದಚಾರಿ ಮಾರ್ಗವು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಹೇಳಿದೆ. ಹಕ್ಕೆಂದ ಮೇಲೆ ಅದು ಬಲಿಷ್ಠರಿಗಷ್ಟೇ ಸಲ್ಲುವಂತಿರಬಾರದು. ಮೊದಲು ಕಡಿದುಹೋದ ತುಣುಕುಗಳನ್ನು ಜೋಡಿಸಿ, ಅನಂತರ ಅಲಂಕಾರಕ್ಕೆ ತೊಡಗುವುದೇ ವಿವೇಕದ ಕ್ರಮ. ನಿಧಾನವಾಗಿ ನಡೆಯುವವರು ನಿರ್ಭಯವಾಗಿ ಗುರಿ ಮುಟ್ಟುವ ನಗರವು ನಿವಾಸಿಗೂ ಅತಿಥಿಗೂ ಸಮಾನವಾಗಿ ಒದಗುತ್ತದೆ.