ಓಡುವ ಪ್ರೋಗ್ರಾಮಿಗೆ ನಾಡಿ ಪರೀಕ್ಷೆ

ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಮೊಂಡು ಹಿಡಿದರೆ ಏನು ಮಾಡುತ್ತೇವೆ? ಸ್ವಿಚ್ ಆರಿಸಿ ಮತ್ತೆ ಹಾಕುತ್ತೇವೆ. ಆದರೆ ಅದು ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ, ಸೂರ್ಯನನ್ನು ಸುತ್ತುತ್ತಿರುವ ನೌಕೆಯೊಳಗಿದ್ದರೆ?

1999ರ ಮೇ ತಿಂಗಳಲ್ಲಿ ಅಮೆರಿಕದ ನಾಸಾ ಸಂಸ್ಥೆಗೆ ಇಂಥದೇ ಪೇಚು ಎದುರಾಯಿತು. 1998ರ ಅಕ್ಟೋಬರ್ 24ರಂದು ಹಾರಿದ ‘ಡೀಪ್ ಸ್ಪೇಸ್ 1’ ನೌಕೆಯಲ್ಲಿ ‘ರಿಮೋಟ್ ಏಜೆಂಟ್’ ಎಂಬ ಪ್ರೋಗ್ರಾಮ್ ಇತ್ತು. ಭೂಮಿಯ ಆಜ್ಞೆಗೆ ಕಾಯದೆ ನೌಕೆಯನ್ನು ತಾನೇ ನಡೆಸುವುದು ಅದರ ಕೆಲಸ. ಮೇ 17ರಂದು ಅದಕ್ಕೆ ಚುಕ್ಕಾಣಿ ಒಪ್ಪಿಸಲಾಯಿತು. ಮರುದಿನ ನೋಡಿದರೆ, ಆರಿಸಬೇಕಾಗಿದ್ದ ಅಯಾನ್ ಎಂಜಿನ್ನನ್ನು ಅದು ಆರಿಸಿರಲೇ ಇಲ್ಲ!

ಈ ಪ್ರೋಗ್ರಾಮನ್ನು ಬರೆದದ್ದು ಲಿಸ್ಪ್ ಭಾಷೆಯಲ್ಲಿ. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದ ಭಾಷೆ ಇದು. ಇದರಲ್ಲಿ ಎಲ್ಲವೂ ಆವರಣಗಳೊಳಗೆ. ಎರಡಕ್ಕೆ ಮೂರು ಕೂಡಿಸಲು (+ 2 3) ಎಂದು ಬರೆಯಬೇಕು. ಆವರಣ ಎಣಿಸಿ ಎಣಿಸಿ ಬೇಸತ್ತವರಿಗೆ ಕೊರತೆಯಿಲ್ಲ. ಆದರೂ ಇದರಲ್ಲೊಂದು ದೊಡ್ಡ ಅನುಕೂಲವಿದೆ: ಓಡುತ್ತಿರುವ ಪ್ರೋಗ್ರಾಮನ್ನೇ ಪ್ರಶ್ನೆ ಕೇಳಬಹುದು. ಕೇಳಿದ್ದನ್ನು ಓದಿ, ಲೆಕ್ಕ ಹಾಕಿ, ಉತ್ತರ ಕೊಟ್ಟು ಮುಂದಿನ ಪ್ರಶ್ನೆಗೆ ಕಾಯುತ್ತದೆ. ವೈದ್ಯರ ಮುಂದೆ ಕುಳಿತ ರೋಗಿಯಂತೆ ಎನ್ನಿ. ಆ ವ್ಯವಸ್ಥೆ ನೌಕೆಯಲ್ಲೂ ಇತ್ತು. ಪ್ರಶ್ನೆ ಹೋಗಿ ಉತ್ತರ ಬರಲು ರೇಡಿಯೋ ಅಲೆಗಳಿಗೇ ಹಲವು ನಿಮಿಷ ಬೇಕು. ಹಾಗಿದ್ದೂ ಕೆಲವೇ ಗಂಟೆಗಳಲ್ಲಿ ತಪ್ಪಿನ ಮೂಲ ಸಿಕ್ಕಿತು.

ಏನದು ತಪ್ಪು? ಮನೆಯೊಂದರಲ್ಲಿ ತಾಯಿ ಕಿಟಕಿಯಿಂದ ಇಣುಕಿ ನೋಡುತ್ತಾಳೆ. ಹಾಲಿನವನು ಬಂದಿಲ್ಲ. ‘ಕೂಗಿದಾಗ ಹೋದರಾಯಿತು’ ಎಂದು ಒಳಕ್ಕೆ ತಿರುಗುತ್ತಾಳೆ. ಆ ಗಳಿಗೆಯಲ್ಲೇ ಹಾಲಿನವನು ಬಂದು ಒಮ್ಮೆ ಕೂಗಿಬಿಡುತ್ತಾನೆ. ಅವಳ ಕಿವಿಗೆ ಬೀಳುವುದಿಲ್ಲ. ಅವಳು ಕೂಗಿಗಾಗಿ, ಅವನು ಪಾತ್ರೆಗಾಗಿ ಕಾಯುತ್ತಾ ಕೂರುತ್ತಾರೆ. ಪ್ರೋಗ್ರಾಮಿನ ಎರಡು ಭಾಗಗಳಿಗೂ ಆದದ್ದು ಇದೇ. ಒಂದು ಭಾಗ ‘ಸುದ್ದಿ ಬಂದಿದೆಯೇ’ ಎಂದು ನೋಡಿ ನಿದ್ದೆಗೆ ಜಾರುವುದರೊಳಗೆ ಇನ್ನೊಂದು ಸುದ್ದಿ ಕೊಟ್ಟಾಗಿತ್ತು. ಈ ಎರಡು ಹೆಜ್ಜೆಗಳ ನಡುವೆ ಯಾರೂ ನುಸುಳದಂತೆ ಬೀಗ ಹಾಕಬೇಕಿತ್ತು. ಬರೆದವರು ಅದನ್ನು ಮರೆತಿದ್ದರು. ಭೂಮಿಯ ಮೇಲೆ ತಿಂಗಳುಗಟ್ಟಲೆ ನಡೆದ ಪರೀಕ್ಷೆಗಳಲ್ಲಿ ಆ ಗಳಿಗೆ ಕೂಡಿಬಂದಿರಲೇ ಇಲ್ಲ.

ಪೋಷಕರಿಗೆ ಅಚ್ಚರಿಯಾಗುವ ಸಂಗತಿ ಮುಂದಿದೆ. ತಿದ್ದುಪಡಿ ಕಳಿಸಬಹುದಿತ್ತು, ಕಳಿಸಲಿಲ್ಲ! ಸಾಕಷ್ಟು ಪರೀಕ್ಷಿಸದ ತಿದ್ದುಪಡಿಯಿಂದ ಹೊಸ ಕೇಡು ಹುಟ್ಟಬಹುದು. ಹಳೆಯ ತಪ್ಪು ಮತ್ತೆ ತಲೆಯೆತ್ತುವ ಸಂಭವವೋ ತೀರ ಕಡಿಮೆ. ಹೀಗೆ ಲೆಕ್ಕ ಹಾಕಿ, ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮೇ 21ರಂದು ಪ್ರಯೋಗವನ್ನು ಮುಂದುವರಿಸಲಾಯಿತು. ಉಳಿದಿದ್ದ ಗುರಿಗಳೆಲ್ಲ ಈಡೇರಿದವು.

ಇನ್ನೊಂದು ಮಾತು. ಎರಡು ವರ್ಷ ಮೊದಲೇ, 1997ರಲ್ಲಿ, ನಾಸಾದ ಏಮ್ಸ್ ಕೇಂದ್ರದವರು ಇದೇ ಪ್ರೋಗ್ರಾಮಿನ ಒಂದು ಭಾಗವನ್ನು ‘ಸ್ಪಿನ್’ ಎಂಬ ತಪಾಸಣಾ ಸಾಧನದಿಂದ ಜಾಲಾಡಿ ಐದು ತಪ್ಪುಗಳನ್ನು ಹಿಡಿದಿದ್ದರು. ಅವುಗಳಲ್ಲೊಂದು ಇದೇ ಜಾತಿಯದು. ಅದನ್ನು ತಿದ್ದಲಾಗಿತ್ತು, ಅದರ ಅವಳಿ ಬೇರೊಂದು ಭಾಗದಲ್ಲಿ ತಣ್ಣಗೆ ಅಡಗಿ ಕುಳಿತಿತ್ತು.