ನಡುಗಡ್ಡೆಯ ಗೂಡಿಗೆ ನೀರೇ ಬೇಲಿ

ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ನೆಲಸಿರುವ ನಾವು ಕನ್ನಡಿಗರು ಕಡಲಿನಿಂದ ದೂರದಲ್ಲಿದ್ದೇವೆ. ಆದರೂ ಕಡಲಹಕ್ಕಿಗಳ ಬಳಗಕ್ಕೆ ಸೇರಿದ ಒಂದು ಹಕ್ಕಿಯನ್ನು ನಮ್ಮ ಗೋದಾವರಿಯ ಮೇಲೆಯೇ ನೋಡಬಹುದು. ಬೂದುಬಿಳುಪಿನ ಮೈ, ಕಪ್ಪು ಟೊಪ್ಪಿಗೆ ಹಾಕಿದಂಥ ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ. ನೀರಿನ ಮೇಲೆ ಹಾರುತ್ತಿದ್ದಂತೆಯೇ ತಟ್ಟನೆ ಧುಮುಕಿ ಮೀನು ಕಚ್ಚಿಕೊಂಡು ಏಳುವುದು ಇದರ ರೀತಿ. ಇಂಗ್ಲಿಷಿನಲ್ಲಿ ರಿವರ್ ಟರ್ನ್, ಕನ್ನಡದಲ್ಲಿ ನದಿ ರೀವ ಎಂದು ಹೆಸರು. ಇದರ ದಾಯಾದಿಗಳು ಸಮುದ್ರದ ದ್ವೀಪಗಳಲ್ಲಿ ಮೊಟ್ಟೆಯಿಟ್ಟರೆ, ಇದು ನದಿಯ ಮರಳುದಿಣ್ಣೆಗಳಲ್ಲಿಯೂ ಜಲಾಶಯದ ನಡುಗಡ್ಡೆಗಳಲ್ಲಿಯೂ ಇಡುತ್ತದೆ. ಇಂಥ ನಡುಗಡ್ಡೆಗಳನ್ನು ಕಾಪಾಡುವುದೆಂದರೇನು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಮೊದಲು ಗೂಡಿನ ಮಾತು. ಗೂಡೆನ್ನಲು ಅಲ್ಲಿ ಕಡ್ಡಿಯೂ ಇಲ್ಲ, ಹುಲ್ಲೂ ಇಲ್ಲ. ಮರಳಿನಲ್ಲಿಯೋ ಜಲ್ಲಿಯಲ್ಲಿಯೋ ಕೆರೆದ ಒಂದು ಸಣ್ಣ ತಗ್ಗು. ಅದರಲ್ಲಿ ಎರಡು ಮೂರು ಮೊಟ್ಟೆ. ಮೊಟ್ಟೆಯ ಬಣ್ಣವೂ ಚುಕ್ಕೆಯೂ ಸುತ್ತಲಿನ ಕಲ್ಲಿನಂತೆಯೇ ಇರುವುದರಿಂದ ಕಾಲಬುಡದಲ್ಲಿದ್ದರೂ ಕಣ್ಣಿಗೆ ಬೀಳದು. ದಡದಲ್ಲಿ ಇಂಥ ಗೂಡು ಮಾಡಿದರೆ ನರಿ, ನಾಯಿ, ಮುಂಗುಸಿಗಳು ಒಂದೇ ರಾತ್ರಿಯಲ್ಲಿ ಬರಿದುಮಾಡಿಬಿಡುತ್ತವೆ. ನಡುಗಡ್ಡೆಯಲ್ಲಾದರೋ ಸುತ್ತಲಿನ ನೀರೇ ಬೇಲಿ. ಕಾಗೆ ಹದ್ದುಗಳು ಆಕಾಶದಿಂದ ಬಂದರೆ ಹಿಂಡೆಲ್ಲ ಕೂಗುತ್ತ ಮೇಲೆ ಬಿದ್ದು ಓಡಿಸುತ್ತದೆ. ಗುಂಪುಗೂಡಿ ಮೊಟ್ಟೆಯಿಡುವುದರ ಲಾಭವಿದು.

ಈ ದೃಶ್ಯಕ್ಕೆ ನಮ್ಮ ನಾಡಿನಲ್ಲಿ ಹೆಸರಾದ ಸ್ಥಳ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯ ಹತ್ತಿರದ ಭದ್ರಾ ಜಲಾಶಯ. ಬೇಸಗೆಯತ್ತ ನೀರು ಇಳಿದಂತೆ ಹಿನ್ನೀರಿನಲ್ಲಿ ಬೋಳು ದಿಬ್ಬಗಳು ತಲೆಯೆತ್ತುತ್ತವೆ. ಸಾವಿರಾರು ರೀವಗಳು ಅಲ್ಲಿ ಬಂದಿಳಿದು ಸಂಸಾರ ಹೂಡುತ್ತವೆ. ಕಾವೇರಿಯ ರಂಗನತಿಟ್ಟಿನ ಕಥೆ ವಾಚಕರಿಗೆ ಗೊತ್ತೇ ಇದೆ. ಹಕ್ಕಿಗಳ ವಿದ್ವಾಂಸ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನವು 1940ರಲ್ಲಿ ಆ ಚಿಕ್ಕ ತಿಟ್ಟುಗಳನ್ನು ಪಕ್ಷಿಧಾಮವೆಂದು ಸಾರಿತು. ಕಡಲಿನ ಉದಾಹರಣೆ ಬೇಕೆಂದರೆ, ಲಕ್ಷದ್ವೀಪದ ಕವರತ್ತಿಯ ಕಡೆಗೆ ಪಿಟ್ಟಿ ಎಂಬ ಜನವಸತಿಯಿಲ್ಲದ ಮರಳದಿಣ್ಣೆಯೊಂದಿದೆ. ಅದರ ವಿಸ್ತಾರ ಮೂರು ಎಕರೆಯಷ್ಟು ಮಾತ್ರ. ಕಡಲ ರೀವಗಳು ಗೂಡು ಮಾಡುವ ಆ ತಾಣವು 1995ರಿಂದ ವನ್ಯಜೀವಿಧಾಮವಾಗಿದೆ.

ಇನ್ನು ನಮ್ಮ ಗೋದಾವರಿಗೆ ಬರೋಣ. ತ್ರ್ಯಂಬಕದಲ್ಲಿ ಹುಟ್ಟಿ ನಾಸಿಕವನ್ನು ದಾಟಿದ ನದಿಗೆ ನಿಫಾಡ ತಾಲ್ಲೂಕಿನ ನಾಂದೂರ ಮಧ್ಯಮೇಶ್ವರದಲ್ಲಿ ಕಾದ್ವಾ ನದಿ ಕೂಡುತ್ತದೆ. ಅಲ್ಲಿ ಶತಮಾನಕ್ಕೂ ಹಿಂದೆ ಕಟ್ಟಿದ ಒಡ್ಡಿನ ಹಿಂದೆ ಹೂಳು ತುಂಬಿ ಜೌಗುಗಳೂ ನಡುಗಡ್ಡೆಗಳೂ ತಾವಾಗಿಯೇ ಏರ್ಪಟ್ಟವು. ಈ ತಾಣವು 2020ರಲ್ಲಿ ಮಹಾರಾಷ್ಟ್ರದ ಮೊದಲನೆಯ ರಾಮ್ಸರ್ ತಾಣವೆನಿಸಿತು. ಇನ್ನೂ ಕೆಳಗೆ, ಸಂತ ಏಕನಾಥರ ಪೈಠಣದಲ್ಲಿ, ಜಾಯಕವಾಡಿ ಅಣೆಕಟ್ಟಿದೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಕಟ್ಟೆಯನ್ನು 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕಟ್ಟೆಯ ಹಿಂದಿನ ನಾಥಸಾಗರವು ಆಳ ಕಡಿಮೆ, ಹರವು ಹೆಚ್ಚು. ಹಿಂದಿನ ಎತ್ತರದ ನೆಲಗಳು ಇಂದು ಅದರಲ್ಲಿ ಸುಮಾರು 30 ನಡುಗಡ್ಡೆಗಳಾಗಿವೆ. ಎರಡು ತಾಣಗಳೂ 1986ರಲ್ಲಿ ಪಕ್ಷಿಧಾಮಗಳಾದವು.

ಪಕ್ಷಿಧಾಮವೆಂದು ಸಾರಿದ ಮಾತ್ರಕ್ಕೆ ಗೂಡು ಉಳಿಯಿತೆಂದು ತಿಳಿಯತಕ್ಕದ್ದಲ್ಲ. ಬೇಲಿಯೇ ನೀರಾದುದರಿಂದ, ನೀರು ಇಳಿದರೆ ಬೇಲಿಯೂ ಇಳಿಯಿತು. ನೀರು ಅತಿಯಾಗಿ ಸರಿದಾಗ ನಡುಗಡ್ಡೆ ದಡಕ್ಕೆ ಕೂಡಿಕೊಳ್ಳುತ್ತದೆ. ನಾಯಿ, ದನ, ಮನುಷ್ಯರು ನಡೆದೇ ಬರುತ್ತಾರೆ. ನೀರು ಏರಿದರೆ ಇನ್ನೊಂದು ಕಷ್ಟ. 2019ರ ಮಳೆಗಾಲದಲ್ಲಿ ಕಾವೇರಿ ಉಕ್ಕಿದಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಹಿಂದೆ ನದಿ ತನ್ನಷ್ಟಕ್ಕೆ ಏರಿ ಇಳಿಯುತ್ತಿತ್ತು. ಈಗ ಏರಿಳಿತದ ಕೀಲಿಕೈ ಅಣೆಕಟ್ಟಿನ ಬಾಗಿಲುಗಳಲ್ಲಿದೆ. ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ನದಿ ರೀವವನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿಗಳ ಪಟ್ಟಿಯಲ್ಲಿ ಸೇರಿಸಿರುವುದಕ್ಕೆ ನೆಲೆಗಳ ನಾಶದೊಡನೆ ಇದೂ ಒಂದು ಕಾರಣ.

ಹಾಗೆಂದು ಹಕ್ಕಿಗಾಗಿ ನೀರು ನಿಲ್ಲಿಸಿರೆಂದು ಯಾರೂ ಹೇಳಲಾರರು. ನಾಥಸಾಗರದ ನೀರನ್ನು ಸಂಭಾಜಿನಗರವೂ ಜಾಲನಾ ಪಟ್ಟಣವೂ ಕುಡಿಯುತ್ತವೆ. ಮರಾಠವಾಡೆಯ ಹೊಲಗಳು ಅದನ್ನೇ ನಂಬಿವೆ. ಮೇಲಿನ ನಾಸಿಕದ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ಬಿಡಬೇಕೆಂಬ ವ್ಯಾಜ್ಯ ನಮ್ಮ ಎರಡೂ ಊರುಗಳಿಗೆ ಹೊಸದಲ್ಲ. ನೀರು ಸರಿದ ಹೂಳುನೆಲದಲ್ಲಿ ರೈತರು ಬಿತ್ತುವ ರೂಢಿಯೂ ಉಂಟು. ಅದಕ್ಕೆ ಗಾಳಪೇರ ಎನ್ನುತ್ತಾರೆ. ಭೂಮಿ ಮುಳುಗಿ ಊರು ಬಿಟ್ಟವರಿಗೆ ಅದು ಹೊಟ್ಟೆಯ ಪ್ರಶ್ನೆ. ಆದುದರಿಂದ ಕೇಳಬೇಕಾದುದು ಸ್ವಲ್ಪವೇ: ಮೊಟ್ಟೆಯಿಡುವ ತಿಂಗಳುಗಳಲ್ಲಿ, ಅಂದರೆ ಸುಮಾರಾಗಿ ಮಾರ್ಚಿನಿಂದ ಮೇ ತನಕ, ಗೂಡುಗಳಿರುವ ದಿಣ್ಣೆಗಳನ್ನು ಗುರುತಿಸಿ ಅವುಗಳ ಸುತ್ತ ಕಾವಲಿಡುವುದು, ಉಳಿದ ನೆಲದಲ್ಲಿ ಜನರ ಕೆಲಸಕ್ಕೆ ಅಡ್ಡಿ ಬಾರದಿರುವುದು.

ನೋಡಲು ಹೋಗುವ ನಮ್ಮಂಥವರಿಗೂ ಒಂದು ಮಾತು. ಮರಾಠವಾಡೆಯ ಬೇಸಗೆ 40 ಡಿಗ್ರಿಯನ್ನು ಮೀರುತ್ತದೆ. ಕಾದ ಮರಳು ಅದಕ್ಕಿಂತಲೂ ಬಿಸಿ. ಆ ಹೊತ್ತಿನಲ್ಲಿ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಎನ್ನುವುದಕ್ಕಿಂತ ನೆರಳು ಕೊಡಲು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವುದೂ ಉಂಟು. ಯಾರಾದರೂ ಫೋಟೋ ತೆಗೆಯಲೆಂದು ದೋಣಿಯಿಂದ ದಿಣ್ಣೆಗೆ ಇಳಿದರೆ ಹಿಂಡೆಲ್ಲ ಮೇಲಕ್ಕೇಳುತ್ತದೆ. ಇಳಿದವರು ಮೊಟ್ಟೆಯನ್ನು ಮುಟ್ಟದಿರಬಹುದು, ತುಳಿಯದೆಯೂ ಇರಬಹುದು; ಆದರೆ ಅವರು ಅಲ್ಲಿ ನಿಂತಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರುತ್ತವೆ.

ಆದುದರಿಂದ ಪೈಠಣಕ್ಕೋ ನಾಂದೂರಿಗೋ ಮಕ್ಕಳನ್ನು ಕರೆದುಕೊಂಡು ಹೋಗುವ ಬಂಧುಗಳು ದಡದಲ್ಲಿಯೇ ನಿಂತು ದುರ್ಬೀನಿನಲ್ಲಿ ನೋಡಲಿ. ನಾಯಿಯನ್ನು ಜೊತೆಗೆ ಒಯ್ಯದಿರಲಿ. ದೋಣಿಯವನು ಹತ್ತಿರ ಬಿಡುತ್ತೇನೆಂದರೂ ಬೇಡವೆನ್ನಲಿ. ಹಕ್ಕಿಗೆ ನೀರು ಹಾಕಿಕೊಟ್ಟ ಬೇಲಿಯನ್ನು ನಾವು ದಾಟದಿದ್ದರೆ ಅಷ್ಟೇ ದೊಡ್ಡ ಉಪಕಾರ.