ಚಳಿಗಾಲದ ಆಲ್ಪ್ಸ್‌ನಲ್ಲಿ ರೈಲು ಪಾಸ್

ಚಳಿಗಾಲದ ಆಲ್ಪ್ಸ್ ಪ್ರವಾಸವನ್ನು ಹಗಲಿನ ಲೆಕ್ಕ ಹಾಕಿಯೇ ಶುರು ಮಾಡಬೇಕು. ಡಿಸೆಂಬರ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟರ ಮೇಲೆ, ಮುಳುಗುವುದು ಸಂಜೆ ಐದಕ್ಕೂ ಮೊದಲೇ. ಕಣಿವೆಗಳಲ್ಲಿ ಬೆಟ್ಟದ ನೆರಳು ಇನ್ನೂ ಬೇಗ ಕವಿಯುತ್ತದೆ. ಹೀಗಾಗಿ ಕಣ್ತುಂಬ ನೋಡಬೇಕಾದ ದಾರಿಗಳನ್ನು ಒಂಬತ್ತರಿಂದ ನಾಲ್ಕರೊಳಗೆ ಮುಗಿಸಿ, ಬರಿದೇ ಊರು ಬದಲಿಸುವ ಓಡಾಟವನ್ನು ಕತ್ತಲಿಗೆ ಬಿಡುವುದು ಜಾಣತನ.

ಯಾವ ಪಾಸ್ ಎಂಬುದು ಪ್ರವಾಸಿ ಎಲ್ಲಿ ವಾಸಿಸುತ್ತಾರೆ ಎಂಬುದನ್ನು ಅವಲಂಬಿಸಿದೆ. ಯುರೋಪಿನ ಹೊರಗಿನವರಿಗೆ ಯುರೇಲ್, ಅಲ್ಲೇ ನೆಲೆಸಿದವರಿಗೆ ಇಂಟರ್‌ರೇಲ್. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗಳು ಇಂಟರ್‌ರೇಲ್ ಕೊಂಡರೆ, ಅವಳನ್ನು ನೋಡಲು ಮೈಸೂರಿನಿಂದ ಹೋದ ತಂದೆತಾಯಿ ಯುರೇಲ್ ಕೊಳ್ಳಬೇಕು. ಹಲವು ದೇಶ ಸುತ್ತುವವರಿಗೆ ಇವು ಸರಿ. ಸ್ವಿಟ್ಜರ್ಲೆಂಡ್ ಒಂದೇ ಸಾಕೆನ್ನುವವರಿಗೆ ಸ್ವಿಸ್ ಟ್ರಾವೆಲ್ ಪಾಸ್ ಇದೆ. 3, 4, 6, 8 ಅಥವಾ 15 ದಿನಗಳಿಗೆ ಸಿಗುವ ಇದರಲ್ಲಿ ರೈಲಿನ ಜತೆಗೆ ಬಸ್ಸು, ದೋಣಿ, ವಸ್ತುಸಂಗ್ರಹಾಲಯಗಳೂ ಸೇರಿವೆ. ಒಂದೇ ಊರಿನಲ್ಲಿ ತಂಗಿ ಆಗೊಮ್ಮೆ ಈಗೊಮ್ಮೆ ರೈಲು ಹತ್ತುವವರಿಗೆ ಅರ್ಧ ದರದ ಕಾರ್ಡೇ ಅಗ್ಗವಾಗಬಹುದು.

ಪಾಸಿನ ನಿಜವಾದ ಬೆಲೆ ತಿಳಿಯುವುದು ಮಂಜು ಕವಿದ ಬೆಳಗಿನಲ್ಲಿ. ಚಳಿಗಾಲದಲ್ಲಿ ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ನಿಂತುಬಿಡುತ್ತದೆ. ಜ್ಯೂರಿಕ್, ಬರ್ನ್ ನಗರಗಳು ದಿನಗಟ್ಟಲೆ ಬೂದು ಮಂಜಿನಲ್ಲಿ ಮುಳುಗಿರುವಾಗ ಅದರ ಮೇಲಿನ ಬೆಟ್ಟಗಳಲ್ಲಿ ಚುರುಕು ಬಿಸಿಲು. ಟಿಕೆಟ್ ಮೊದಲೇ ಕೊಂಡವರು ಅದಕ್ಕೆ ಕಟ್ಟುಬಿದ್ದಿರುತ್ತಾರೆ, ಪಾಸ್ ಇದ್ದವರು ಬೆಳಿಗ್ಗೆ ಎದ್ದು ಆಕಾಶ ನೋಡಿ ದಾರಿ ಆರಿಸಬಹುದು.

ಆರಿಸುವುದಾದರೆ ಮೊದಲ ಆಯ್ಕೆ ಕೂರ್‌ನಿಂದ ಇಟಲಿಯ ಟಿರಾನೊವರೆಗಿನ ಹಾದಿ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆಲ್ಬುಲಾ ಮತ್ತು ಬರ್ನೀನಾ ಮಾರ್ಗಗಳು ಇಲ್ಲಿವೆ. ಕೂರ್‌ನಿಂದ ಹೊರಟವರು ಬಲಬದಿಗೆ ಕೂತರೆ ಫಿಲಿಸೂರ್ ಸಮೀಪ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಕಮಾನು ಸೇತುವೆ ಬಾಗುತ್ತ ಬಂದು ನೇರ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುವುದು ಪೂರ್ತಿ ಕಾಣುತ್ತದೆ. ಮುಂದೆ ರೈಲು 2,253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನೀನಾ ತಲುಪುತ್ತದೆ. ಪಕ್ಕದ ಲಾಗೊ ಬಿಯಾಂಕೊ ಸರೋವರ ಹೆಪ್ಪುಗಟ್ಟಿ, ನೀರು ಯಾವುದು ನೆಲ ಯಾವುದು ತಿಳಿಯದಂತಾಗಿರುತ್ತದೆ. ಅಲ್ಲಿಂದ 429 ಮೀಟರ್ ಎತ್ತರದ ಟಿರಾನೊಗೆ ಇಳಿತ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿ ಕಿಲೋಮೀಟರಿಗೆ 20 ಮೀಟರ್ ಏರಿದರೆ ಇಲ್ಲಿ 70 ಮೀಟರ್, ಅದೂ ಹಲ್ಲುಹಳಿಯ ನೆರವಿಲ್ಲದೆ. ಬ್ರೂಸಿಯೊದಲ್ಲಿ ಇಳಿತವನ್ನು ಹದಗೊಳಿಸಲು ಬಯಲಲ್ಲೇ ಕಮಾನುಗಳ ಮೇಲೆ ಒಂದು ಸುತ್ತು ಹಾಕಿ, ರೈಲು ತಾನು ಬಂದ ಹಳಿಯ ಕೆಳಗೇ ನುಸುಳುತ್ತದೆ.

ಈ ದಾರಿಯ ಬರ್ನೀನಾ ಎಕ್ಸ್‌ಪ್ರೆಸ್‌ಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಿ ಬೇರೆ ಶುಲ್ಕ ಕೊಡಬೇಕು. ಅದೇ ಹಳಿಯಲ್ಲಿ ಓಡುವ ಸಾಮಾನ್ಯ ರೈಲುಗಳಿಗೆ ಅದು ಬೇಡ. ಸೇಂಟ್ ಮೊರಿಟ್ಜ್‌ನಲ್ಲಿ ಒಮ್ಮೆ ಬದಲಿಸಬೇಕಾದರೂ ನಡುವೆ ಇಷ್ಟಬಂದಲ್ಲಿ ಇಳಿಯಬಹುದು. ಕೆಲವು ಬೋಗಿಗಳ ಕಿಟಕಿ ತೆರೆಯುವುದರಿಂದ ಫೋಟೊಗಳಲ್ಲಿ ಗಾಜಿನ ಪ್ರತಿಬಿಂಬ ಬೀಳದು. ಪಾಸ್ ಇದ್ದವರಿಗೆ ಇವೇ ಮೇಲು.

ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಸುಮಾರು ಎಂಟು ಗಂಟೆ ಸಾಗುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಇನ್ನೊಂದು ಆಕರ್ಷಣೆ. 1930ರಲ್ಲಿ ಶುರುವಾದಾಗ ಇದು ಬೇಸಿಗೆಗೆ ಮಾತ್ರ ಸೀಮಿತವಾಗಿತ್ತು. ಹಿಮಪಾತದ ಹೊಡೆತಕ್ಕೆ ಸಿಗದಂತೆ ದಾರಿಯಲ್ಲಿನ ಫುರ್ಕಾ ಕಣಿವೆಮಾರ್ಗದ ಸ್ಟೆಫೆನ್‌ಬಾಖ್ ಸೇತುವೆಯನ್ನು ಪ್ರತಿವರ್ಷ ಚಳಿಗಾಲಕ್ಕೆ ಮುನ್ನ ಮಡಚಿಡುತ್ತಿದ್ದರು. 1982ರಲ್ಲಿ ಫುರ್ಕಾದ ಅಡಿಯಲ್ಲಿ 15 ಕಿಲೋಮೀಟರ್ ಮೀರಿದ ಸುರಂಗ ತೆರೆದ ಮೇಲಷ್ಟೇ ವರ್ಷವಿಡೀ ಸಂಚಾರ ಸಾಧ್ಯವಾಯಿತು. ಈಗಲೂ ಶರತ್ಕಾಲದ ಕೊನೆಯ ಕೆಲವು ವಾರ ಈ ಎಕ್ಸ್‌ಪ್ರೆಸ್ ಓಡುವುದಿಲ್ಲ. ಡಿಸೆಂಬರ್ ಮಧ್ಯದಲ್ಲಿ ಯುರೋಪಿನ ರೈಲು ವೇಳಾಪಟ್ಟಿಯೇ ಬದಲಾಗುವುದರಿಂದ ಹಳೆಯ ಸಮಯಗಳನ್ನು ನಂಬಿ ಹೊರಡಬಾರದು.

ಸ್ವಿಟ್ಜರ್ಲೆಂಡ್ 2008ರಿಂದ ಷೆಂಗೆನ್ ವಲಯದಲ್ಲಿರುವುದರಿಂದ ಟಿರಾನೊಗೆ ಹೋಗಲು ಭಾರತೀಯರಿಗೆ ಬೇರೆ ವೀಸಾ ಬೇಡ, ಪಾಸ್‌ಪೋರ್ಟ್ ಮಾತ್ರ ಜತೆಗಿರಬೇಕು. ಸ್ವಿಸ್ ಪಾಸಿನ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಮಿಲಾನ್‌ನತ್ತ ಮುಂದುವರಿಯುವವರು ಇಟಲಿಯ ಟಿಕೆಟನ್ನು ಬೇರೆಯಾಗಿ ಕೊಳ್ಳಬೇಕು.